ಬಿದ್ದ ಟೈಲಿನ ಬೆನ್ನು ನೋಡಿ, ಆಮೇಲೆ ಮಾತಾಡಿ: ಹೊಸ ಟೈಲ್ಸ್ ಮೇಸ್ತ್ರಿಗಳಿಗೊಂದು ದೋಷ ನಿವಾರಣೆ ಕೈಪಿಡಿ

"ಮೇಸ್ತ್ರಿ, ನೀವು ಹಾಕಿದ್ದ ಟೈಲ್ಸ್ ಬಿದ್ದೋಗಿದೆ, ಬಂದು ನೋಡಿ" ಅಂತ ಫೋನ್ ಬಂದರೆ ಮೊದಲು ಹೇಳಬೇಕಾದ್ದು ಒಂದೇ ಮಾತು: "ಬಿದ್ದ ಚೂರು ಎಸೀಬೇಡಿ ಸರ್, ಹಾಗೇ ಇಟ್ಟಿರಿ, ಬರ್ತೀನಿ." ಸಿಮೆಂಟ್ ಸರಿ ಇರಲಿಲ್ಲ, ಗೋಡೆ ಸರಿ ಇರಲಿಲ್ಲ, ನೀವೇ ಅವಸರ ಮಾಡಿದ್ರಿ ಎಂದು ಫೋನಿನಲ್ಲೇ ಶುರುವಿಟ್ಟರೆ ಕಾರಣ ಸಿಗುವುದಕ್ಕೆ ಮೊದಲು ಜಗಳ ಸಿಗುತ್ತದೆ. ಈ ಕೆಲಸಕ್ಕೆ ಬಂದ ಮೊದಲ ನಾಲ್ಕೈದು ವರ್ಷ ನಾನು ಮಾಡಿದ್ದೂ ಅದನ್ನೇ. ಹೋದವನೇ ಉಳಿ ಸುತ್ತಿಗೆ ಎತ್ತುತ್ತಿದ್ದೆ. ಕಿತ್ತ ಮೇಲೆ ಪುರಾವೆ ಎಲ್ಲಿರುತ್ತದೆ? ಡೆಬ್ರಿಸ್ ಚೀಲದಲ್ಲಿ.

ಈಗ ನನ್ನ ಸಾಮಾನಿನ ಚೀಲದಲ್ಲಿ ಉಳಿಗಿಂತ ಮುಂಚೆ ಇರುವುದು ಚಾಕ್‌ಪೀಸ್, ಒಂದು ನಾಣ್ಯ, ರಸಮಟ್ಟ, ಗೋಲಿ, ಟಾರ್ಚ್.

ಗೋಡೆಯಿಂದ ಟೈಲ್ ಬಿದ್ದಿದ್ದರೆ

ಬಿದ್ದ ಟೈಲನ್ನು ತಿರುಗಿಸಿ ಬೆನ್ನು ನೋಡಿ. ಅದು ಬಿದ್ದ ಜಾಗವನ್ನೂ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ. ಅಂಟಿಸಿದ ಮಾಲು, ಅಂದರೆ ಗಮ್ಮೋ (ಟೈಲ್ ಅಂಟು) ಸಿಮೆಂಟೋ, ಎಲ್ಲಿ ಉಳಿದಿದೆ ಎನ್ನುವುದರಲ್ಲೇ ಮುಕ್ಕಾಲು ಉತ್ತರ ಇದೆ.

ಟೈಲಿನ ಬೆನ್ನು ತೊಳೆದಿಟ್ಟ ಹಾಗೆ ಶುಭ್ರ, ಗೋಡೆಯ ಮೇಲೆ ಹಲ್ಲು ಕರಣೆಯ ಗೀರುಗಳು ಎಳೆದ ಹಾಗೇ ನಿಂತಿವೆ ಅಂದರೆ ಗಮ್ ಟೈಲನ್ನು ಹಿಡಿದೇ ಇಲ್ಲ. ಹಚ್ಚಿಟ್ಟು ಯಾರೋ ಟೀ ಕುಡಿಯಲು ಹೋಗಿದ್ದಾರೆ. ಗಮ್ ಹಚ್ಚಿದ ಮೇಲೆ ಟೈಲ್ ಕೂರಿಸಲು ಸಿಗುವುದು ಸುಮಾರು 20 ನಿಮಿಷ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಲ್ಲಿ, ಫ್ಯಾನ್ ಗಾಳಿಯಲ್ಲಿ, ಅದರರ್ಧವೂ ಸಿಗುವುದಿಲ್ಲ. ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪೊರೆ ಕಟ್ಟುತ್ತದೆ. ಬೆರಳು ಮುಟ್ಟಿಸಿ ನೋಡಿ: ಬೆರಳಿಗೆ ಅಂಟದಿದ್ದರೆ ಟೈಲಿಗೂ ಅಂಟುವುದಿಲ್ಲ, ಕೆರೆದು ಹೊಸದಾಗಿ ಹಚ್ಚಿ. ಮೇಲೆ ನೀರು ಚಿಮುಕಿಸಿ ಒತ್ತುವ ಚಾಲಾಕಿತನ ಬೇಡ. ಇದಕ್ಕೇ ಇನ್ನೊಂದು ಕಾರಣ, ಟೈಲಿನ ಬೆನ್ನ ಮೇಲಿನ ಬಿಳಿ ಪುಡಿ. ಕುಲುಮೆಯಲ್ಲಿ ಟೈಲ್ ಅಂಟಿಕೊಳ್ಳದಿರಲೆಂದು ಫ್ಯಾಕ್ಟರಿಯಲ್ಲಿ ಬಳಿದ ಪುಡಿ ಅದು. ಒದ್ದೆ ಬಟ್ಟೆಯಲ್ಲಿ ಒರೆಸದೆ ಹಚ್ಚಿದರೆ ಗಮ್ ಹಿಡಿಯುವುದು ಪುಡಿಯನ್ನು, ಟೈಲನ್ನಲ್ಲ.

ಮಾಲೆಲ್ಲ ಟೈಲಿಗೇ ಅಂಟಿ ಬಂದು ಗೋಡೆ ಬೋಳಾಗಿದ್ದರೆ ತಪ್ಪು ಗೋಡೆಯ ಮೈಯಲ್ಲಿದೆ. ಧೂಳು, ಹಳೆ ಪೇಂಟ್, ಎಲ್ಲಕ್ಕಿಂತ ಹೆಚ್ಚಾಗಿ ವಾಲ್ ಪುಟ್ಟಿ. ಪೇಂಟರ್ ಮುಂಚೆ ಬಂದು ಅಡುಗೆಮನೆ ಗೋಡೆಗೆ ಪುಟ್ಟಿ ಎಳೆದು ಹೋಗಿರುತ್ತಾನೆ, ನಾವು "ಎಷ್ಟು ನೈಸಾಗಿದೆ" ಅಂತ ಖುಷಿಪಟ್ಟು ಅದರ ಮೇಲೇ ಟೈಲ್ ಹಾಕಿರುತ್ತೇವೆ. ಟೈಲಿನ ಭಾರ ಹೊರಲು ಪುಟ್ಟಿಗೆ ಶಕ್ತಿ ಇಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತದೆ. ಗಿಲಾವು ಕಾಣುವವರೆಗೆ ಕೆರೆಯದೆ ಬೇರೆ ದಾರಿ ಇಲ್ಲ.

ಗಮ್ ನಡುವೆಯೇ ಸೀಳಿ ಅರ್ಧ ಇಲ್ಲಿ ಅರ್ಧ ಅಲ್ಲಿ ಉಳಿದಿದ್ದರೆ, ಉಗುರಿನಿಂದ ಕೆರೆದರೆ ಪುಡಿಯಾದರೆ, ಕಲಸಿದ್ದು ಕೆಟ್ಟಿದೆ: ನೀರು ಜಾಸ್ತಿ, ಅಥವಾ ಗಟ್ಟಿಯಾಗುತ್ತಿದ್ದ ಮಾಲಿಗೆ ಮತ್ತೆ ನೀರು ಹಾಕಿ ತಿರುವಿದ್ದಾರೆ. ಗಿಲಾವೇ ಟೈಲಿನ ಜೊತೆ ಕಿತ್ತು ಬಂದು ಇಟ್ಟಿಗೆ ಕಂಡರೆ ನಮ್ಮ ಕೆಲಸ ಗಟ್ಟಿಯಾಗಿತ್ತು, ಗಾರೆಯವರದ್ದು ಅಲ್ಲ. ಆದರೂ ಅದನ್ನು ಹಲ್ಲು ಕಿರಿದು ಹೇಳಬೇಡಿ. ಟೈಲ್ ಹಾಕುವ ಮುಂಚೆ ಗಿಲಾವು ಬಡಿದು ನೋಡಬೇಕಿದ್ದವರು ನಾವೇ.

ನೆಲ ಟೊಳ್ಳು ಸದ್ದು ಮಾಡುತ್ತಿದ್ದರೆ

ನಾಣ್ಯದಿಂದ ಪ್ರತಿ ಟೈಲಿನ ನಾಲ್ಕು ಮೂಲೆ, ನಡುವೆ ಒಂದು ಹೀಗೆ ಐದು ಕಡೆ ಬಡಿಯಿರಿ. ಟೊಳ್ಳು ಇದ್ದಲ್ಲಿ ಚಾಕ್‌ಪೀಸಿನಿಂದ ಸುತ್ತು ಹಾಕುತ್ತಾ ಹೋಗಿ. ರೂಮಿಡೀ ಮುಗಿದ ಮೇಲೆ ಬಾಗಿಲಲ್ಲಿ ನಿಂತು ನೋಡಿ. ಆ ಸುತ್ತುಗಳೇ ಒಂದು ಚಿತ್ರ ಬರೆದಿರುತ್ತವೆ.

ಮೂಲೆಗಳು ಮಾತ್ರ ಟೊಳ್ಳಾಗಿದ್ದರೆ, ಮಾಲನ್ನು ಪೂರ್ತಿ ಹರಡದೆ ಐದು ಉಂಡೆ ಇಟ್ಟು ಟೈಲ್ ಒತ್ತಿದ್ದಾರೆ. ಇಡೀ ಟೈಲ್ ಟೊಳ್ಳು, ಅದೂ ಅಲ್ಲೊಂದು ಇಲ್ಲೊಂದು ಆಗಿದ್ದರೆ, ವಿಟ್ರಿಫೈಡ್ ಟೈಲನ್ನು ಸಿಮೆಂಟ್ ಹಾಲಿನ (ನೀರಾಗಿ ಕಲಸಿದ ಸಿಮೆಂಟಿನ) ಮೇಲೆ ಕೂರಿಸಿರುವ ಸಾಧ್ಯತೆ ಹೆಚ್ಚು. ನಮ್ಮ ಗುರುಗಳ ಕಾಲದ ಸೆರಾಮಿಕ್ ಟೈಲ್ ನೀರು ಹೀರುತ್ತಿತ್ತು, ನೆನೆಹಾಕಿ ಸಿಮೆಂಟ್ ಹಾಲಿನಲ್ಲಿ ಕೂರಿಸಿದರೆ ಕಚ್ಚಿಕೊಳ್ಳುತ್ತಿತ್ತು. ವಿಟ್ರಿಫೈಡ್ ತನ್ನ ತೂಕದ ನೂರು ಪಾಲಿನಲ್ಲಿ ಅರ್ಧ ಪಾಲಿನಷ್ಟೂ ನೀರು ಹೀರುವುದಿಲ್ಲ. ಸಿಮೆಂಟ್ ಅದರೊಳಗೆ ಬೇರು ಬಿಡುವುದಾದರೂ ಎಲ್ಲಿ? ಗಮ್ ಬೇಕೇ ಬೇಕು. ಗಮ್ಮಿನ ಚೀಲದ ಮೇಲೆ ಐಎಸ್ 15477 (ಟೈಲ್ ಗಮ್ಮಿನ ಭಾರತೀಯ ಮಾನದಂಡ) ಎಂದೂ ಟೈಪ್ ಸಂಖ್ಯೆಯೂ ಅಚ್ಚಾಗಿರುತ್ತದೆ. ಅಂಗಡಿಯವರು ಕೊಟ್ಟದ್ದನ್ನು ತಂದುಬಿಡಬೇಡಿ, ಓದಿ ತನ್ನಿ. ಸಣ್ಣ ಸೆರಾಮಿಕ್‌ಗೆ ಸಾಕಾಗುವ ಗಮ್ 2 ಅಡಿಗೆ 4 ಅಡಿಯ ಟೈಲಿಗೆ ಸಾಲದು. ಅಷ್ಟು ದೊಡ್ಡ ಟೈಲಿಗೆ ನೆಲಕ್ಕೂ ಹಚ್ಚಬೇಕು, ಬೆನ್ನಿಗೂ ತೆಳುವಾಗಿ ಸವರಬೇಕು. ಹತ್ತಕ್ಕೊಂದು ಟೈಲನ್ನು ಕೂರಿಸಿದ ಕೂಡಲೇ ಎತ್ತಿ ನೋಡಿ: ಬೆಡ್‌ರೂಮಲ್ಲಿ ಬೆನ್ನಿನ ನೂರಕ್ಕೆ 80 ಭಾಗ, ಬಾತ್‌ರೂಮ್ ಮತ್ತು ಟೆರೇಸಿನಲ್ಲಿ 95 ಭಾಗ ಮಾಲು ಹತ್ತಿರಬೇಕು.

ಟೊಳ್ಳು ಗೆರೆ ಎಳೆದ ಹಾಗೆ ಸಾಲಾಗಿ ಹೋಗಿದ್ದರೆ, ಅದೇ ಗೆರೆಯಲ್ಲಿ ಟೈಲ್ ಬಿರುಕೂ ಬಿಟ್ಟಿದ್ದರೆ, ಕೆಳಗಿನ ಕಾಂಕ್ರೀಟ್ ಸೀಳಿದೆ. ಗ್ರೌಂಡ್ ಫ್ಲೋರಿನಲ್ಲಿ ಮೂಲೆ ಮೂಲೆಯೇ ಕುಸಿದಿದ್ದರೆ ತುಂಬಿದ ಮಣ್ಣನ್ನು ದಮ್ಮಸ್ಸು ಮಾಡಿಲ್ಲ. ಹುಬ್ಬಳ್ಳಿ, ವಿಜಯಪುರದ ಎರೆ ಮಣ್ಣಿನ ಕಡೆ ಇನ್ನೊಂದು ಆಟ: ಮಳೆಗೆ ಮಣ್ಣು ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ನೆಲವೂ ಅದರ ಜೊತೆ ಉಸಿರಾಡುತ್ತದೆ. ಅಲ್ಲಿ ಟೈಲ್ ಬದಲಿಸಿ ದುಡ್ಡು ತೆಗೆದುಕೊಂಡರೆ ಮುಂದಿನ ವರ್ಷ ಅದೇ ಮನೆಗೆ ಮತ್ತೆ ಹೋಗುತ್ತೀರಿ, ಈ ಸಲ ಪುಕ್ಕಟೆಯಾಗಿ.

ಟೊಳ್ಳಾದದ್ದನ್ನೆಲ್ಲ ಕೀಳಬೇಕೆಂದಿಲ್ಲ. ಮಂಚದ ಕೆಳಗೆ ಒಂದು ಮೂಲೆ ಬುರುಡೆ ಸದ್ದು ಮಾಡಿದರೆ, ಮೇಲೆ ನಿಂತು ಕುಲುಕಿದಾಗ ಅಲುಗದಿದ್ದರೆ, ಬಿಡಿ. ಬಾಗಿಲ ದಾರಿ, ಫ್ರಿಜ್ ನಿಲ್ಲುವ ಜಾಗ, ಗ್ಯಾಸ್ ಸಿಲಿಂಡರ್ ಉರುಳಿಸುವ ಜಾಗ ಇವುಗಳನ್ನು ಬಿಡಬೇಡಿ. ಜಾಯಿಂಟಿನಲ್ಲಿ (ಟೈಲುಗಳ ನಡುವಿನ ಸಂದಿನಲ್ಲಿ) ತೂತು ಕೊರೆದು ಎಪಾಕ್ಸಿ ಎಂಬ ಗಟ್ಟಿ ಅಂಟು ಇಳಿಸುವ ಉಪಾಯ ಅಲುಗದ ಟೈಲಿಗೆ ಆಗುತ್ತದೆ. ಅಲುಗುವ ಟೈಲಿಗೆ ಅದು ಗಾಯದ ಮೇಲೆ ಹಚ್ಚಿದ ಪೌಡರ್.

ರಾತ್ರೋರಾತ್ರಿ ಟೈಲ್ ಎದ್ದು ನಿಂತಿದ್ದರೆ

ಬೆಳಗಿನ ಜಾವ ಢಮ್ಮೆಂದು ಸದ್ದು, ಲೈಟ್ ಹಾಕಿ ನೋಡಿದರೆ ಹಾಲಿನ ನಡುವೆ ಎರಡು ಸಾಲು ಟೈಲ್ ಗುಡಿಸಲ ಸೂರಿನ ಹಾಗೆ ಎದ್ದು ನಿಂತಿದೆ. ಮನೆಯವರು ಹೆದರಿ ಭೂಕಂಪ ಅಂತಾರೆ, ಜೋಯಿಸರನ್ನು ಕೇಳಿದವರೂ ಇದ್ದಾರೆ. ಸ್ಕರ್ಟಿಂಗಿನ (ಗೋಡೆಯ ಬುಡದ ಟೈಲ್ ಪಟ್ಟಿಯ) ಒಂದು ತುಂಡು ತೆಗೆದು ನೋಡಿ. ನೆಲದ ಟೈಲ್ ಗೋಡೆಗೆ ಮುತ್ತಿಟ್ಟು ನಿಂತಿದ್ದರೆ ಭೂಕಂಪ ಅಲ್ಲೇ ಇದೆ.

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಮೀಟರಿಗೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ಎಂದುಕೊಳ್ಳಿ. ಟೈಲ್ ಹಾಗೆ ಕುಗ್ಗುವುದಿಲ್ಲ, ಬಿಸಿಗೆ ಹಿಗ್ಗುತ್ತದೆ. ಟೆರೇಸಿನಲ್ಲಿ ಬೆಳಿಗ್ಗೆ 20 ಡಿಗ್ರಿ ಇದ್ದ ಟೈಲ್ ಮಧ್ಯಾಹ್ನ 60 ಮುಟ್ಟಿದರೆ 10 ಮೀಟರ್ ಉದ್ದಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಜಾಗ ಇಲ್ಲದಿದ್ದರೆ ಮೇಲಕ್ಕೆ ಏಳಲೇಬೇಕು.

ಎದ್ದದ್ದನ್ನು ಒತ್ತಿ ಕೂರಿಸಿ ಮೇಲೆ ಗ್ರಾನೈಟ್ ಕಲ್ಲು ಹೇರಬೇಡಿ. ಸುತ್ತಲೂ ಗೋಡೆ ಪಕ್ಕ 8ರಿಂದ 10 ಮಿ.ಮೀ. ಕತ್ತರಿಸಿ ಬಿಡಿಸಿ (ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ), ಎದ್ದ ಸಾಲು ಕಿತ್ತು ಗಮ್ಮಿನಲ್ಲಿ ಮತ್ತೆ ಕೂರಿಸಿ, ಟೈಲುಗಳ ನಡುವೆ ಸಂದು ಉಳಿಯಲು ಕನಿಷ್ಠ 2 ಮಿ.ಮೀ. ಸ್ಪೇಸರ್ ಇಡಿ. ದೊಡ್ಡ ಹಾಲಿನಲ್ಲಿ 20 ಅಡಿಗೊಂದು, ಬಿಸಿಲು ಬೀಳುವ ಟೆರೇಸಿನಲ್ಲಿ 8ರಿಂದ 12 ಅಡಿಗೊಂದು ಜಾಯಿಂಟನ್ನು ಸಿಮೆಂಟ್ ಗ್ರೌಟಿನ (ಸಂದು ತುಂಬುವ ಮಾಲಿನ) ಬದಲು ರಬ್ಬರಿನಂತೆ ಹಿಗ್ಗುವ ಸೀಲಂಟಿನಿಂದ ತುಂಬಿ.

"ಜಾಯಿಂಟೇ ಕಾಣಬಾರದು, ಪೇಪರ್ ಜಾಯಿಂಟ್ ಬೇಕು" ಎನ್ನುವ ಓನರ್ ಬಳಿ ವಾದ ಬೇಡ. ಎರಡು ಟೈಲಿಗೆ ಅದೇ ಬಣ್ಣದ ಗ್ರೌಟ್ ಹಾಕಿ 2 ಮಿ.ಮೀ. ಜಾಯಿಂಟ್ ಮಾಡಿ ಒಣಗಿಸಿ ತೋರಿಸಿ. ನಿಂತು ನೋಡಿದರೆ ಗೆರೆ ಕಾಣುವುದೇ ಇಲ್ಲ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನ ಅಲ್ಲಿಗೇ ಒಪ್ಪುತ್ತಾರೆ. ಉಳಿದಿಬ್ಬರ ಕೈಯಲ್ಲಿ ವಾಟ್ಸಾಪಿನಲ್ಲಿ "ಜಾಯಿಂಟ್ ಬೇಡ ಎಂದದ್ದು ನಾವೇ" ಎಂದು ಬರೆಸಿಕೊಳ್ಳಿ.

ಬಾತ್‌ರೂಮ್ ಕೆಳಗೆ ಸೋರುತ್ತಿದ್ದರೆ

ನನ್ನ ಜೇಬಿಗೆ ಅತಿ ಹೆಚ್ಚು ಕತ್ತರಿ ಹಾಕಿದ ದೋಷ ಇದು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಮೇಲಿನ ಮನೆಯ ಬಾತ್‌ರೂಮಿನಿಂದ ಕೆಳಗಿನ ಮನೆಯ ಸೀಲಿಂಗಿಗೆ ನೀರು. ಮೇಲಿನವರು ತಕ್ಷಣ ಕೀಳಿ ಅಂದರು, ಕಿತ್ತೆ. ಎರಡು ದಿನ ಬ್ರೇಕರ್ ಹೊಡೆದು ನೆಲವೆಲ್ಲ ಬಗೆದು ವಾಟರ್‌ಪ್ರೂಫಿಂಗ್ ಮಾಡಿ ಹೊಸ ಟೈಲ್ ಹಾಕಿದೆವು. ತಿಂಗಳು ಕಳೆದರೂ ಹನಿ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಗೋಡೆಯೊಳಗೆ ಗೀಸರಿಗೆ ಹೋಗುವ ಪೈಪಿನ ಎಲ್ಬೋ ಸೀಳಿತ್ತು. ಕೂಲಿಯೂ ನನ್ನದು, ಟೈಲಿನ ಅರ್ಧ ಖರ್ಚೂ ನನ್ನದು. ಹೊಟ್ಟೆ ಉರಿದದ್ದು ಅದಕ್ಕಲ್ಲ. ಕೆಳಗಿನ ಮನೆಯ ಅಜ್ಜಿ ಮೊದಲ ದಿನವೇ ಹೇಳಿದ್ದರು: "ಯುಗಾದಿಗೆ ಅವರು ಊರಿಗೆ ಹೋಗಿ ಎಂಟು ದಿನ ಮನೆ ಬೀಗ ಇತ್ತಪ್ಪ, ಆವಾಗ್ಲೂ ಅಷ್ಟೇ ಜೋರಾಗಿ ತೊಟ್ಟಿಕ್ತಿತ್ತು." ಯಾರೂ ಸ್ನಾನ ಮಾಡದ ಬಾತ್‌ರೂಮು ಎಂಟು ದಿನ ಒಂದೇ ಸಮ ಸೋರಿದರೆ ಅದು ನೆಲದ ದೋಷ ಅಲ್ಲ, ಟ್ಯಾಂಕಿನ ಒತ್ತಡ ಸದಾ ಇರುವ ನೀರಿನ ಲೈನಿನ ದೋಷ. ಉತ್ತರವನ್ನೇ ಕೊಟ್ಟಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಈಗ ನಾನು ಹೋಗುವ ಕ್ರಮ ಹೀಗೆ. ಮೊದಲು ಎರಡೂ ಮನೆಯವರನ್ನು ಕೇಳುತ್ತೇನೆ: ಯಾವಾಗ ಜಾಸ್ತಿ, ಯಾವಾಗ ಕಡಿಮೆ? ಬೆಳಗಿನ ಸ್ನಾನದ ನಂತರ ಜಾಸ್ತಿಯೇ, ದಿನವಿಡೀ ಒಂದೇ ಸಮವೇ, ಮಳೆಗಾಲದಲ್ಲಿ ಮಾತ್ರವೇ? ಮಳೆಯಲ್ಲಿ ಮಾತ್ರ ಅಂದರೆ ಬಾತ್‌ರೂಮನ್ನೇ ಬಿಟ್ಟು ಹೊರಗೋಡೆಗೆ ಹೋಗಿ. ಒಂದೇ ಸಮ ಅಂದರೆ ಪ್ಲಂಬರ್ ಕರೆಸಿ. ನಲ್ಲಿಗಳ ಬಾಯಿಗೆ ಡಮ್ಮಿ (ಬಿಗಿ ಮುಚ್ಚಳ) ಹಾಕಿ, ಕೈಪಂಪಿನಿಂದ ಲೈನಿಗೆ ಒತ್ತಡ ಏರಿಸಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಒಂದು ಟೈಲೂ ಒಡೆಯಬೇಕಾಗಿಲ್ಲ.

ಲೈನ್ ಸರಿಯಿದ್ದರೆ ನೆಲದ ಸರದಿ. ನಹಾನಿ ಟ್ರ್ಯಾಪನ್ನು (ನೆಲದ ನೀರು ಹೋಗುವ ತೂತನ್ನು) ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಹೊಸ್ತಿಲು ದಾಟದ ಹಾಗೆ ಒಂದಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲೇ ಒಂದು ಅಗಲ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿ. 24 ಗಂಟೆಯ ನಂತರ ಪಾತ್ರೆಯಲ್ಲಿ ಕಡಿಮೆಯಾದಷ್ಟೇ ನೆಲದಲ್ಲೂ ಕಡಿಮೆಯಾಗಿದ್ದರೆ ಅದು ಆವಿ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೆಲವೋ, ನೆಲ ಗೋಡೆ ಸೇರುವ ಮೂಲೆಯೋ ಕುಡಿಯುತ್ತಿದೆ. ನೀರು ನಿಂತಿದ್ದಾಗ ಇಳಿಯದೆ, ಟ್ರ್ಯಾಪ್ ಬಿಚ್ಚಿ ಹರಿಯಬಿಟ್ಟಾಗ ಕೆಳಗೆ ಹನಿ ಜೋರಾದರೆ ದೋಷ ಟ್ರ್ಯಾಪಿನ ಕುತ್ತಿಗೆಯಲ್ಲಿ, ಅಂದರೆ ಟ್ರ್ಯಾಪೂ ಪೈಪೂ ಸೇರುವಲ್ಲಿ. ಅಷ್ಟೇ ಜಾಗ, ಒಂದೂವರೆ ಅಡಿ ಚೌಕ ಬಗೆದರೆ ಸಾಕು. ಎರಡೂ ಅಲ್ಲದಿದ್ದರೆ ಕೊನೆಯದಾಗಿ ಶವರ್ ನೀರನ್ನು ಗೋಡೆಗೆ ಮಾತ್ರ ಅರ್ಧ ಗಂಟೆ ಹಾಯಿಸಿ. ನಲ್ಲಿ ಗೋಡೆಯಿಂದ ಹೊರಬರುವ ಜಾಗದಲ್ಲಿ, ಚಂದದ ಸ್ಟೀಲ್ ಬಿಲ್ಲೆಯ ಹಿಂದೆ, ಎಷ್ಟೋ ಮನೆಗಳಲ್ಲಿ ಬೆರಳು ತೂರುವ ಸಂದು ಇರುತ್ತದೆ.

"ಗ್ರೌಟ್ ಹೋಗಿದೆ, ಎಪಾಕ್ಸಿ ತುಂಬಿಬಿಡಿ, ನಿಂತುಬಿಡುತ್ತೆ" ಎನ್ನುವವರು ಸಿಗುತ್ತಾರೆ. ಗ್ರೌಟ್ ನೀರು ತಡೆಯುವ ಪದರವಲ್ಲ. ಟೈಲಿನ ಕೆಳಗಿನ ವಾಟರ್‌ಪ್ರೂಫಿಂಗ್ ಹರಿದಿದ್ದರೆ ಮೇಲಿನ ಗ್ರೌಟು ಕೆಲ ತಿಂಗಳು ಮರೆಮಾಚುತ್ತದೆ ಅಷ್ಟೇ. ಆ ಕೆಲಸಕ್ಕೆ ಗ್ಯಾರಂಟಿ ಕೊಡಬೇಡಿ.

ಇನ್ನೊಂದು ಮಾತನ್ನು ಕೆಲಸಕ್ಕೆ ಮುಂಚೆಯೇ ಹೇಳಿ. ಸಂಕನ್ ಸ್ಲ್ಯಾಬಿನಲ್ಲಿ (ಬಾತ್‌ರೂಮಿಗೆಂದು ತಗ್ಗಿಸಿ ಹಾಕಿದ ಸ್ಲ್ಯಾಬಿನಲ್ಲಿ) ತುಂಬಿದ ಇಟ್ಟಿಗೆ ಚೂರು ಸ್ಪಂಜಿನ ಹಾಗೆ ನೀರು ಕುಡಿದು ಕೂತಿರುತ್ತದೆ. ದೋಷ ಸರಿಹೋದ ಮೇಲೂ ವಾರಗಟ್ಟಲೆ ಕೆಳಗೆ ಒದ್ದೆ ಉಳಿಯಬಹುದು. ಮೊದಲೇ ಹೇಳಿದರೆ ಅದು ತಿಳಿವಳಿಕೆ, ಆಮೇಲೆ ಹೇಳಿದರೆ ಸಬೂಬು. ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿದ್ದರೆ ಟೈಲ್ ಹಾಕುವ ಮುಂಚೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯವರನ್ನೂ ಕರೆದು ತೋರಿಸಿ.

ನೀರು ನಿಲ್ಲುತ್ತಿದ್ದರೆ

ವಾಟ, ಅಂದರೆ ನೀರು ಹರಿಯುವ ಇಳಿಜಾರು, ಸಾಲದು. ಬಾತ್‌ರೂಮಿಗೆ 10 ಅಡಿಗೆ ಒಂದೂವರೆ ಇಂಚಿನ ಲೆಕ್ಕದಲ್ಲಿ ವಾಟ ಇಡಿ. ಗೋಲಿ ಬಿಟ್ಟು ನೋಡಿ: ಎಲ್ಲ ಮೂಲೆಯಿಂದಲೂ ಟ್ರ್ಯಾಪಿನ ಕಡೆಗೇ ಉರುಳಬೇಕು. ದೊಡ್ಡ ಟೈಲ್ ನಾಲ್ಕು ಕಡೆಯಿಂದ ಒಂದೇ ತೂತಿಗೆ ಬಾಗುವುದಿಲ್ಲ. ಲಕೋಟೆಯ ಹಾಗೆ ಅಡ್ಡಡ್ಡ ಕತ್ತರಿಸಬೇಕು, ಇಲ್ಲವೇ ಒಂದು ಗೋಡೆಯುದ್ದಕ್ಕೂ ಉದ್ದನೆಯ ಜಾಲರಿ ಟ್ರ್ಯಾಪ್ ಇಟ್ಟು ಒಂದೇ ಕಡೆ ವಾಟ ಕೊಡಬೇಕು, ಇಲ್ಲವೇ 1 ಅಡಿ ಟೈಲ್ ತರಿಸಬೇಕು. ಟೈಲ್ ಅಂಗಡಿಗೆ ಹೋಗುವ ಮುಂಚೆ ಹೇಳಬೇಕಾದ ಮಾತಿದು. ಟ್ರ್ಯಾಪ್ ಆ ಮೂಲೆಯಲ್ಲಿ ಬೇಡ, ಅಲ್ಲಿಂದ ಇಲ್ಲಿಗೆ ಸರಿಸಿ ಅಂತ ವಾಸ್ತುವಿನವರು ಕೊನೇ ದಿನ ಬಂದರೆ, ಸರಿಸಿದ ಮೇಲೆ ವಾಟ ಎಷ್ಟು ಉಳಿಯುತ್ತದೆ ಎಂದು ಟ್ಯೂಬ್ ಮಟ್ಟ ಹಿಡಿದು ಓನರ್ ಎದುರೇ ಅಳೆದು ತೋರಿಸಿ.

ಬಿಳಿ ಪುಡಿ, ಏರುತಗ್ಗು

ಜಾಯಿಂಟಿನಲ್ಲಿ ಬಿಳಿ ಪುಡಿ ಏಳುವುದು ಉಪ್ಪು. ಕೆಳಗಿನ ತೇವ ಮೇಲೆ ಬರುವಾಗ ಹೊತ್ತು ತರುತ್ತದೆ. ಒರೆಸಿ ಬಿಡಿ, ವಾರದಲ್ಲಿ ಮತ್ತೆ ಬಂದರೆ ತೇವದ ಮೂಲ ಹುಡುಕಬೇಕು. ಆಸಿಡ್ ಬಾಟಲಿ ಎತ್ತಬೇಡಿ. ಸಿಮೆಂಟ್ ಗ್ರೌಟನ್ನೂ ತಿನ್ನುತ್ತದೆ. ಕಡಪ, ಶಹಾಬಾದ್ ಕಲ್ಲು ಸುಣ್ಣದ ಕಲ್ಲುಗಳಾದ್ದರಿಂದ ಅವುಗಳ ಮೈಯನ್ನೂ ತಿನ್ನುತ್ತದೆ.

ಟೈಲ್ ಅಂಚು ಏರುತಗ್ಗು ಎಂದು ದೂರು ಬಂದರೆ, ಉಳಿದಿರುವ ಎರಡು ಟೈಲನ್ನು ಮುಖಕ್ಕೆ ಮುಖ ಒತ್ತಿ ಹಿಡಿದು ಸಂದು ನೋಡಿ. ಉದ್ದನೆಯ ಟೈಲ್ ನಡುವೆ ಸ್ವಲ್ಪ ಬಾಗಿರುವುದು ಸಾಮಾನ್ಯ. ಅಂಥದ್ದನ್ನು ಇಟ್ಟಿಗೆ ಕಟ್ಟಿದ ಹಾಗೆ ಅರ್ಧಕ್ಕೆ ಅರ್ಧ ಸರಿಸಿ ಹಾಕಿದರೆ ಒಂದರ ಉಬ್ಬಿನ ಪಕ್ಕ ಇನ್ನೊಂದರ ತಗ್ಗು ಬರುತ್ತದೆ. ಮೂರರಲ್ಲಿ ಒಂದು ಭಾಗ ಮಾತ್ರ ಸರಿಸಿ. ಅಂಚು ಸಮ ಮಾಡಲು ಸಿಕ್ಕಿಸುವ ಕ್ಲಿಪ್ಪು, ಬಾಗಿದ ಟೈಲನ್ನು ನೆಟ್ಟಗೆ ಮಾಡುವುದಿಲ್ಲ.

ಗೃಹಪ್ರವೇಶದ ತಾರೀಖು

ಕಾರಣ ಪತ್ತೆಯಾಗದ ದೋಷಗಳಲ್ಲಿ ಅರ್ಧ, ಕಾರ್ಡ್ ಅಚ್ಚಾದ ದಿನ ಹುಟ್ಟಿದವು. ಮುಹೂರ್ತ ಮುಂದೆ ಹೋಗುವುದಿಲ್ಲ, ಗಮ್ಮು ಬೇಗ ಒಣಗುವುದಿಲ್ಲ. ಗಮ್ ಹಾಕಿದ ನೆಲದ ಮೇಲೆ 24 ಗಂಟೆ ಯಾರೂ ಕಾಲಿಡಬಾರದು, ಸಿಮೆಂಟ್ ಬೆಡ್ ಆದರೆ ವಾರವಾದರೂ ಬೇಕು. ತಾರೀಖಿನಿಂದ ಹಿಂದಕ್ಕೆ ಎಣಿಸಿ ಒಪ್ಪಿಕೊಳ್ಳಿ. ಆಗದಿದ್ದರೆ "ಪೂಜೆ ನಡೆಯೋ ಹಾಲು, ದೇವರಮನೆ, ಅಡುಗೆಮನೆ ಮುಗಿಸ್ತೀನಿ ಸರ್, ಬೆಡ್‌ರೂಮು ಆಮೇಲೆ" ಎಂದು ಮೊದಲೇ ಹೇಳಿ.

ಹೋಮದ ಮಾತನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಹೊಸ ಟೈಲಿನ ಮೇಲೆ ನೇರ ಹೋಮಕುಂಡ ಇಟ್ಟರೆ ಕಾವಿಗೆ ಟೈಲ್ ಚಟ್ಟೆಂದು ಸೀಳುತ್ತದೆ, ಮಾರನೇ ದಿನ ಫೋನ್ ಬರುವುದು ನಮಗೆ. ಕೆಳಗೆ ತಗಡು, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ಎರಡು ಸಾಲು ಇಟ್ಟಿಗೆ ಹಾಕಿಸಿ. ನಾನು ಮರಳು, ಇಟ್ಟಿಗೆ ಜೋಡಿಸಿಯೇ ಸೈಟ್ ಬಿಡುತ್ತೇನೆ. ಅರಿಶಿನ ಕುಂಕುಮ, ಎಣ್ಣೆ ಹಸಿ ಸಿಮೆಂಟ್ ಗ್ರೌಟಿಗೆ ಇಳಿದರೆ ಹೋಗುವುದಿಲ್ಲ, ದೇವರಮನೆಗೆ ಎಪಾಕ್ಸಿ ಗ್ರೌಟ್ ಕೇಳಿ. ಹಸು ಕರು ಒಳಗೆ ಕರೆತರುವವರಿದ್ದರೆ ಪಾಲಿಶ್ ಟೈಲಿನ ಮೇಲೆ ಗೋಣಿಚೀಲ ಹಾಸಿಸಿ. ಜಾರಿ ಬಿದ್ದ ಹಸುವನ್ನು ಎಬ್ಬಿಸಲು ಆರು ಜನ ಒದ್ದಾಡಿದ್ದನ್ನು ನೋಡಿದ್ದೇನೆ.

ದುಡ್ಡಿನ ವಿಷಯ ಚಿಕ್ಕದಾಗಿ: ನೆಲ ಚದರ ಅಡಿ ಲೆಕ್ಕ, ಸ್ಕರ್ಟಿಂಗ್ ರನ್ನಿಂಗ್ ಫೂಟ್ ಲೆಕ್ಕ, ಮೆಟ್ಟಿಲಿನ ಮೂಗು, 45 ಡಿಗ್ರಿ ಮೂಲೆ ಕಟಿಂಗ್ ಬೇರೆ. ಇವೆಲ್ಲ ಮೊದಲೇ ಬರೆದಿರಲಿ. "ನಮ್ಮ ಭಾವ ಇಂಜಿನಿಯರು, ಅವರು ನೋಡಿ ಓಕೆ ಅಂದ್ರೆ ಕೊಡ್ತೀನಿ" ಎಂದು ಹಣ ತಡೆಯುವವರಿದ್ದರೆ ಭಾವನವರನ್ನು ಕೊನೇ ದಿನದವರೆಗೆ ಕಾಯಿಸಬೇಡಿ, ಮೊದಲ ರೂಮು ಮುಗಿದ ದಿನವೇ ಕರೆಸಿ. ಸಂಜೆ ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ನೋಡುವವರಿಗೆ ಎಂಥಾ ನೆಲವೂ ಬೆಟ್ಟಗುಡ್ಡವೇ. ನೀವೇ ಒಂದು ನಾಣ್ಯ ಕೊಟ್ಟು ಜಾಯಿಂಟಿನ ಮೇಲೆ ಜಾರಿಸಿ ನೋಡಲು ಹೇಳಿ. ಎಡವಿದರೆ ಒಪ್ಪಿಕೊಂಡು ಆ ಟೈಲ್ ಬದಲಿಸಿ.

ಬದಲಿಸಲು ಟೈಲ್ ಇರಬೇಕಲ್ಲ. ಕತ್ತರಿಸಿ ಹೋಗುವ ಲೆಕ್ಕದಲ್ಲಿ ನೂರಕ್ಕೆ 10 ಹೆಚ್ಚಿಗೆ ತರಿಸಿ, ಉಳಿದ ಅರ್ಧ ಬಾಕ್ಸನ್ನು ಶೇಡ್ ನಂಬರ್ ಇರುವ ಚೀಟಿಯ ಸಮೇತ ಅಟ್ಟಕ್ಕೆ ಏರಿಸಿ ಬನ್ನಿ. ಆ ಶೇಡ್ ಮತ್ತೆ ಸಿಗುವ ಭರವಸೆ ಇಲ್ಲ. ಐದು ವರ್ಷ ಬಿಟ್ಟು ಹೋದಾಗ ಅವು ತುಳಸಿ ಕುಂಡದ ಕೆಳಗೋ ಪಕ್ಕದ ಮನೆಯ ಒಗೆಯೋ ಕಲ್ಲಿನ ಪಕ್ಕವೋ ಸೇರಿದ್ದರೆ, ವಾರ್ಡ್‌ರೋಬ್ ಒಳಗಿನ ನೆಲ ಬಡಿದು ನೋಡಿ. ಅಲ್ಲಿಯ ಒಂದು ಟೈಲ್ ಜಾಯಿಂಟ್ ಕತ್ತರಿಸಿ ಹುಷಾರಾಗಿ ಎಬ್ಬಿಸಿದರೆ ಹಾಲಿಗೆ ಸರಿಯಾದ ಬಣ್ಣದ್ದೇ ಸಿಗುತ್ತದೆ, ಒಳಗಿನ ಜಾಗಕ್ಕೆ ಯಾವ ತುಂಡು ಹಾಕಿದರೂ ಬಟ್ಟೆಗಳೇನೂ ದೂರುವುದಿಲ್ಲ.